ಎಲ್ಲವನ್ನೂ ಹೇಳಿ ಮಾರಿದ ಕಾರು

ಕಾರ್ಕಳದವರೊಬ್ಬರಿಂದ ಸೆಕೆಂಡ್ ಹ್ಯಾಂಡ್ ಕೊಂಡ ಏಳು ಸೀಟಿನ ಎಸ್‌ಯುವಿ ನಮ್ಮದು. ಭಾನುವಾರ ಬಂತೆಂದರೆ ಅದನ್ನು ಕಾಪು ಕಡಲ ತೀರಕ್ಕೆ ಒಯ್ದು, ಮರಳಿನ ಅಂಚಿನವರೆಗೂ ಇಳಿಸಿ ನಿಲ್ಲಿಸುತ್ತಿದ್ದೆವು. ಮಕ್ಕಳು ಒದ್ದೆ ಬಟ್ಟೆಯಲ್ಲೇ ಹತ್ತಿ ಕೂರುತ್ತಿದ್ದರು.

ಬರಬರುತ್ತಾ ಅದರ ಕಾಯಿಲೆಗಳು ಹೊರಬಿದ್ದವು. ಹಿಂದಿನ ಸೀಟಿಗೆ ಏಸಿ ಬರುತ್ತಿರಲಿಲ್ಲ. ಕ್ಲಚ್ ಒತ್ತಿ ಒತ್ತಿ ಎಡಗಾಲು ಸೋಲುತ್ತಿತ್ತು. ಹಂಪ್ ದಾಟಿದರೆ ಅಡಿಯಲ್ಲಿ ಕಟಕಟ ಸದ್ದು, ತಳಕ್ಕೆಲ್ಲ ತುಕ್ಕು. ಒಮ್ಮೆಯಂತೂ ಓಡುತ್ತಿದ್ದಂತೆಯೇ ಇಂಜಿನ್ ಆಫ್ ಆಯಿತು. ಮೆಕ್ಯಾನಿಕ್ ಒಂದು ಸೆನ್ಸರ್ ಬದಲಿಸಿದ ಮೇಲೆ ಮತ್ತೆ ಹಾಗಾಗಲಿಲ್ಲ. ಆದರೂ ನನ್ನ ಹೆಂಡತಿಗೆ ಅದರ ಮೇಲೆ ನಂಬಿಕೆ ಉಳಿಯಲಿಲ್ಲ. ಹೊಸದೊಂದು ಸಣ್ಣ ಕಾರು ತೆಗೆದುಕೊಂಡೆವು.

ಹಳೆಯದನ್ನು ಕೇಳಿದವನು ಇನ್ನಂಜೆಯಲ್ಲಿ ನಮ್ಮ ಪಕ್ಕದ ಮನೆಯ ಹುಡುಗ. ಹುಡುಗನೆನ್ನುವುದು ರೂಢಿ, ನನಗಿಂತ ತುಸು ಕಿರಿಯ, ಅಷ್ಟೆ. ಅವನು ಮಾಯ್ ಎಂದು ಕರೆಯುವ ತಾಯಿಗೆ ಕಿಡ್ನಿ ಕೆಟ್ಟಿತೆಂದು ಗಲ್ಫಿನ ಕೆಲಸ ಬಿಟ್ಟು ಬಂದಿದ್ದ. ಅವರನ್ನು ಡಯಾಲಿಸಿಸ್‌ಗೆ ಮಣಿಪಾಲಕ್ಕೆ ಕರೆದೊಯ್ಯಬೇಕು. ಮಂಡಿನೋವಿನಿಂದ ಅವರಿಗೆ ಬಗ್ಗಿ ಕೂರಲಾಗದು.

ಅಂಗಳದಲ್ಲೇ ನಿಂತು ಒಂದೂ ಬಿಡದೆ ಎಲ್ಲ ತೊಂದರೆ ಹೇಳಿದೆ. ಇಂಜಿನ್ ಆಫ್ ಆದದ್ದನ್ನೂ ಹೇಳಿದೆ. "ಬೇರೆ ಕಡೆ ನೋಡು ಮಾರಾಯ" ಎಂದೂ ಅಂದೆ.

"ಇಷ್ಟೆಲ್ಲ ಹೇಳಿ ಮಾರುವವರು ಯಾರು ಉಂಟು ಅಣ್ಣ? ಗೊತ್ತಿಲ್ಲದವರ ಕಾರಿಗಿಂತ ನಿಮ್ಮದೇ ಆಗಬಹುದು. ಮಾಯ್‌ಗೆ ಹತ್ತಲಿಕ್ಕೂ ಸುಲಭ" ಎಂದ.

ನಾನು ನಿಜ ಹೇಳಿದಷ್ಟೂ ಅವನಿಗೆ ನನ್ನ ಮೇಲಿನ ವಿಶ್ವಾಸ ಹೆಚ್ಚುತ್ತಿತ್ತು. ಕೀಲಿ ಕೊಡುವಾಗಲೇ ಮನಸ್ಸಿನಲ್ಲಿ ಏನೋ ಚುಚ್ಚಿತು.

ಮಾರ್ಚಿನ ಒಂದು ಬೆಳಗ್ಗೆ ಕಟಪಾಡಿ ದಾಟಿ ಆಫೀಸಿಗೆ ಹೋಗುತ್ತಿದ್ದೆ. ಉದ್ಯಾವರದ ಹತ್ತಿರ ರಸ್ತೆಬದಿಯಲ್ಲಿ ಬಾನೆಟ್ ಎತ್ತಿ ನಿಂತದ್ದು ನಮ್ಮದೇ ಹಳೆಯ ಕಾರು. ಅವನು ಆಟೋಗೆ ಕೈ ತೋರಿಸುತ್ತಿದ್ದ. ತೆರೆದ ಬಾಗಿಲಲ್ಲಿ ಅವನ ತಾಯಿ ಬೆವರುತ್ತಾ, ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತಾ ಕೂತಿದ್ದರು.

"ಎಂತ ಆಯ್ತು? ನನಗೆ ಯಾಕೆ ಫೋನ್ ಮಾಡಲಿಲ್ಲ?"

"ನಿಮಗೆ ಬೇಜಾರಾದೀತು ಅಂತ ಅಣ್ಣ. ಓಡುವಾಗಲೇ ಆಫ್ ಆಯ್ತು."

ಅವನನ್ನು ಕಾರಿನ ಬಳಿ ಬಿಟ್ಟು, ತಾಯಿಯನ್ನು ನಾನೇ ಆಸ್ಪತ್ರೆಗೆ ಕರೆದೊಯ್ದೆ. ನನ್ನ ತಗ್ಗಿನ ಕಾರಿಗೆ ಅವರನ್ನು ಇಳಿಸಿ ಕೂರಿಸುವಾಗ ನೋವಿಗೆ ತುಟಿ ಕಚ್ಚಿದರು.

"ನನ್ನಿಂದಾಗಿ ನಿಮಗೆ ಕಷ್ಟ ಆಯಿತು ಬಾಯಮ್ಮ" ಎಂದೆ.

"ನೀವು ಎಂತ ಮಾಡಿದ್ದು? ಇದಕ್ಕಿಂತ ಅದೇ ಒಳ್ಳೆಯದಪ್ಪ, ಕೂತರೆ ರಸ್ತೆಯೆಲ್ಲ ಕಾಣ್ತದೆ" ಎಂದು ನಕ್ಕರು. ಬೈದಿದ್ದರೆ ಹಗುರವಾಗುತ್ತಿತ್ತು.

ಸಂಜೆ ಮೆಕ್ಯಾನಿಕ್ ಕಾರಣ ಕಂಡುಹಿಡಿದ. ಸೆನ್ಸರ್ ಸರಿಯಿತ್ತು, ಅದಕ್ಕೆ ಹೋಗುವ ವೈರಿನ ಕನೆಕ್ಟರ್ ತುಕ್ಕು ತಿಂದಿತ್ತು. ಉಪ್ಪುಗಾಳಿಯ ಕೆಲಸ, ಸಮುದ್ರದ ಹತ್ತಿರ ತುಂಬ ನಿಲ್ಲಿಸಿರಬೇಕು ಎಂದ. ನಮ್ಮ ಭಾನುವಾರಗಳು ನೆನಪಾದವು. ಕಾರನ್ನು ವಾಪಸ್ ತೆಗೆದುಕೊಳ್ಳುತ್ತೇನೆ ಎಂದರೆ ಆ ಹುಡುಗ ಒಪ್ಪಲಿಲ್ಲ. "ಈಗ ಸರಿ ಆಯ್ತಲ್ಲ. ಅದು ನಮ್ಮ ಕಾರು" ಎಂದುಬಿಟ್ಟ.

ಅಂದಿನಿಂದ ಡಯಾಲಿಸಿಸ್‌ನ ದಿನಗಳಲ್ಲಿ ಬೇಗ ಹೊರಟು, ಮಣಿಪಾಲದವರೆಗೂ ಅವರ ಹಿಂದೆಯೇ ಹೋಗತೊಡಗಿದೆ. ಗೊತ್ತಾಗುವುದಿಲ್ಲ ಎಂದುಕೊಂಡಿದ್ದೆ. ಒಂದು ದಿನ ಕಟಪಾಡಿ ಜಂಕ್ಷನ್‌ನಲ್ಲಿ ಅವನು ಬದಿಗೆ ನಿಲ್ಲಿಸಿ, ಇಳಿದು ನನ್ನ ಕಿಟಕಿಯ ಬಳಿ ಬಂದ.

"ಅಣ್ಣ, ನೀವು ಮುಂದೆ ಹೋಗಿ. ಹಿಂದಿನಿಂದ ಹೀಗೆ ಬಂದರೆ ಈಗ ನಿಲ್ತದೋ, ಆಗ ನಿಲ್ತದೋ ಅಂತ ನನಗೇ ಹೆದರಿಕೆ ಆಗ್ತದೆ."

ನಾಚಿಕೆಯಾಯಿತು. ಮುಂದೆ ಹೋದೆ. ಕಾರು ಈಗ ಚೆನ್ನಾಗಿಯೇ ಓಡುತ್ತಿದೆಯಂತೆ. ಆದರೂ ಡಯಾಲಿಸಿಸ್‌ನ ಬೆಳಗುಗಳಲ್ಲಿ, ಮೀಟಿಂಗ್‌ನಲ್ಲಿದ್ದರೂ, ನನ್ನ ಫೋನನ್ನು ಸೈಲೆಂಟ್‌ಗೆ ಹಾಕುವುದಿಲ್ಲ.