ದಿಲ್ಲಿಗೆ ಕಟ್ಟಿದ ಬುತ್ತಿ

ಬೆಟಗೇರಿಯ ನಮ್ಮ ಮನೆಯಲ್ಲಿ ಹೋಗುವ ಊರು ಎಷ್ಟು ದೂರ ಅನ್ನುವುದನ್ನು ಕಟ್ಟಿದ ರೊಟ್ಟಿ ನೋಡಿಯೇ ಹೇಳಬಹುದು. ನಮ್ಮ ಮಗ್ಗದ ಸೀರೆಗಳ ಪ್ರದರ್ಶನಕ್ಕೆಂದು ನಾನು ಮೊದಲ ಸಲ ಹುಬ್ಬಳ್ಳಿಯಿಂದ ದಿಲ್ಲಿಗೆ ವಿಮಾನದಲ್ಲಿ ಹೊರಟಿದ್ದೆ. ಎರಡೂವರೆ ತಾಸಿನ ದಾರಿ ಎಂದರೂ ಅವ್ವ ಕೇಳಲಿಲ್ಲ. "ವಿಮಾನ ಬಂತಂತ ದಿಲ್ಲಿ ಸನೇಕ ಬಂತೇನು?" ಎಂದು, ಎರಡು ದಿನದ ರೈಲಿಗೆ ಕಟ್ಟುವಷ್ಟೇ ಖಡಕ್ ರೊಟ್ಟಿ, ಹಚ್ಚಿಕೊಂಡು ತಿನ್ನಲು ಖಾರದ ಶೇಂಗಾ ಹಿಂಡಿಪುಡಿ ಕಟ್ಟಿಕೊಟ್ಟಳು.

ವಿಮಾನ ಮೇಲೇರಿದ ಮೇಲೆ ಬುತ್ತಿ ಬಿಚ್ಚಿದೆ. ಬಾಜೂದವರಿಗೆ ಕೊಡದೆ ತಿಂದು ನಮಗೆ ರೂಢಿಯಿಲ್ಲ. ಪಕ್ಕದ ಹಿರಿಯರಿಗೆ "ತಗೋರಿ" ಎಂದೆ. ಅವರು ಹೆಡ್‌ಫೋನ್ ಸರಿಸಿ, ಕೈಯಾಡಿಸಿ ಬೇಡವೆಂದು ಮತ್ತೆ ಕಣ್ಣು ಮುಚ್ಚಿದರು. ಅಷ್ಟು ಮಂದಿಯ ನಡುವೆ ಒಬ್ಬನೇ ಕಟಕಟ ಸದ್ದು ಮಾಡಲು ನಾಚಿಕೆಯಾಗಿ ನಾನೂ ಬುತ್ತಿ ಕಟ್ಟಿಟ್ಟೆ.

ವಿಮಾನ ದಿಲ್ಲಿಯಲ್ಲಿ ಇಳಿದು ನಿಂತಾಗ ಅವರೇ ಕೇಳಿದರು: "ಯಾವ ಊರ್ರಿ ನಿಮ್ಮದು?"

"ಬೆಟಗೇರಿರಿ."

"ನಮ್ಮದು ಅಲ್ಲೇ ಬಾಜೂಕ, ಲಕ್ಷ್ಮೇಶ್ವರ. ಹಿಂಡಿ ವಾಸನಿ ಬಂದಾಗಿಂದ ಕೇಳಬೇಕು ಅಂತಿದ್ದೆ."

ರೈಲಿನಲ್ಲಾಗಿದ್ದರೆ ಊರ ಹತ್ತಿರದ ಅಣ್ಣಿಗೇರಿ ಸ್ಟೇಷನ್ ಬರುವುದರೊಳಗೆ ಆಗಿಬಿಡುತ್ತಿದ್ದ ಮಾತು. ಅವರಿಗೆ ಕೊಡಲೆಂದು ಬುತ್ತಿ ಬಿಚ್ಚುವಷ್ಟರಲ್ಲಿ ಹಿಂದಿನವರು ನೂಕಿದರು, ಅವರು ಮುಂದೆ ಹೋದರು.

ಊರಿಗೆ ಬಂದಾಗ ಅವ್ವ ಕೇಳಿದಳು, "ಬುತ್ತಿ ಸಾಲ್ತೇನಪಾ?"

"ಬುತ್ತಿ ಸಾಲ್ತು ಬೇ," ಎಂದೆ, "ದಾರಿ ಸಾಲಲಿಲ್ಲ."