ಮುಟ್ಟದೆ ಆಡಿದ ಇಸ್ಪೀಟು

ಹೊಸ ಇಸ್ಪೀಟು ಕಟ್ಟನ್ನು ಬಿಚ್ಚಿದಾಗ ಒಂದು ವಾಸನೆ ಬರುತ್ತದೆ, ಗಮನಿಸಿದ್ದೀರಾ? ಬಣ್ಣ, ಮೇಣ, ಕಾಗದ ಎಲ್ಲ ಬೆರೆತ ವಾಸನೆ. ಮೊನ್ನೆ ಭಾನುವಾರ ಮಧ್ಯಾಹ್ನ ಹೊಸೂರಿನ ಆಲಸನತ್ತಂನ ನಮ್ಮ ಮನೆಯ ಹಾಲಿನಲ್ಲಿ ಆ ವಾಸನೆ ಎದ್ದಿತು. ತಮ್ಮನ ಮಗಳು ಇಪ್ಪತ್ತೊಂದು ಎಲೆಗಳನ್ನು ಮೂರು ಸಾಲಾಗಿ ಹರಡಿ, ಒಂದನ್ನು ನೆನೆದುಕೊಳ್ಳಲು ನನಗೆ ಹೇಳಿದಳು. ಅದು ಯಾವ ಸಾಲಿನಲ್ಲಿದೆ ಎಂದು ಕೇಳಿ, ಎಲೆಗಳನ್ನು ಒಟ್ಟುಮಾಡಿ, ಮತ್ತೆ ಹರಡಿ, ಹೀಗೆ ಮೂರು ಸಲ ಮಾಡಿ ನನ್ನ ಎಲೆಯನ್ನೇ ಎತ್ತಿ ತೋರಿಸಿದಳು.

"ಇದ್ರಲ್ಲಿ ಮ್ಯಾಜಿಕ್ ಏನೂ ಇಲ್ಲ ಅತ್ತೆ. ನೀವು ಹೇಳಿದ ಸಾಲನ್ನ ಪ್ರತಿಸಲ ಮಧ್ಯಕ್ಕೆ ಸೇರಿಸ್ಬೇಕು. ಮೂರನೇ ಸಲ ಹೇಳ್ತೀರಲ್ಲ, ಆ ಸಾಲಲ್ಲಿ ನಾಲ್ಕನೇದೇ ನಿಮ್ಮದು. ಯಾವಾಗ್ಲೂ ನಾಲ್ಕನೇದೇ."

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು ನಾನು. ಆದರೂ ಈ ಆಟದ ಲೆಕ್ಕವನ್ನು ಒಂದು ದಿನವೂ ಬಿಡಿಸಲು ಹೋಗಿರಲಿಲ್ಲ. ದಡ್ಡತನ ಎನ್ನಿ, ಒಪ್ಪುತ್ತೇನೆ. ಆದರೆ ಅದು ಅಪ್ಪನ ಆಟ. ಅದರ ಹೊಲಿಗೆ ಬಿಚ್ಚಿ ನೋಡಲು ನನಗೆ ಮನಸ್ಸೇ ಬಂದಿರಲಿಲ್ಲ.

ನಮ್ಮ ಊರು ಗುಮ್ಮಳಾಪುರದ ಹತ್ತಿರ. ಎಂಬತ್ತರ ದಶಕದ ಮೊದಲ ವರ್ಷಗಳವು. ಅಪ್ಪ ಬೆಳಗಿನ ಬಸ್ಸು ಹಿಡಿದು ಹೊಸೂರಿನ ಕಾರ್ಖಾನೆಗೆ ಶಿಫ್ಟಿಗೆ ಹೋಗುತ್ತಿದ್ದ. ಹಿಂದಿನ ಸೀಟಿನಲ್ಲಿ ಕೂತು ತೊಡೆಯ ಮೇಲೆ ಟವೆಲ್ ಹಾಸಿ ಎಲೆ ಹರಡಿದನೆಂದರೆ ಕಂಡಕ್ಟರ್ ಟಿಕೆಟ್ ಕೊಡುವುದನ್ನೇ ಮರೆಯುತ್ತಿದ್ದನಂತೆ. ಕನ್ನಡ, ತಮಿಳು, ತೆಲುಗು ಮೂರೂ ಕಲಸಿಕೊಂಡು ಬದುಕುವ ನಮ್ಮ ಸೀಮೆಯಲ್ಲಿ ಆಟೀನು, ಕಳಾವರ್ ಎಂದರೆ ಮಾತ್ರ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮ್ಯಾಜಿಕ್ಕಿನಷ್ಟಕ್ಕೇ ನಿಂತಿದ್ದರೆ ಅಮ್ಮನಿಗೂ ತಕರಾರಿರಲಿಲ್ಲ. ಅಪ್ಪನಿಗೆ ಆಟದ ಚಟವೂ ಇತ್ತು. ತಮ್ಮನ ನಾಮಕರಣದ ದಿನ ನೆಂಟರೆಲ್ಲ ತೊಟ್ಟಿಲ ಸುತ್ತ ಕಾಯುತ್ತಿದ್ದರೆ, ಅಪ್ಪ ಹುಣಸೆ ತೋಪಿನಲ್ಲಿ ಎಲೆ ಹಿಡಿದು ಕೂತಿದ್ದ. ಕೊನೆಗೆ ಮಗುವಿನ ಕಿವಿಯಲ್ಲಿ ಹೆಸರು ಹೇಳಿದ್ದು ಸೋದರಮಾವ. ಸಂಜೆ ಅಪ್ಪ ಬಂದಾಗ ಅಮ್ಮ ಅಳಲಿಲ್ಲ, ಬೈಯಲಿಲ್ಲ. ನನ್ನನ್ನು ಕರೆದು ನಿಲ್ಲಿಸಿ, ಅವನ ಕೈಯನ್ನು ನನ್ನ ತಲೆಯ ಮೇಲೆ ಇಡಿಸಿದಳು. "ಇನ್ಮೇಲೆ ಇಸ್ಪೀಟು ಮುಟ್ಟಲ್ಲ ಅಂತ ಆಣೆ ಮಾಡ್ರಿ." ಅಪ್ಪ ಮಾಡಿದ. ಅವನು ಎಲೆ ಮುಟ್ಟಿದರೆ ಸಾಯುವವಳು ನಾನು ಎಂಬುದು ಒಂಬತ್ತು ವರ್ಷದ ನನಗೆ ಆ ಗಳಿಗೆಯಲ್ಲೇ ಚೆನ್ನಾಗಿ ಅರ್ಥವಾಯಿತು. ಎಷ್ಟೋ ದಿನ ಅವನು ಶಿಫ್ಟಿನಿಂದ ಬಂದ ಕೂಡಲೇ ಅಂಗಿಯ ಜೇಬು ಮುಟ್ಟಿ ನೋಡುತ್ತಿದ್ದೆ.

ಮೂರು ವರ್ಷ ಕಳೆಯಿತು. ಶಾಲೆಯ ವಾರ್ಷಿಕೋತ್ಸವ ಬಂತು. ಬಸ್ಸಿನ ಮ್ಯಾಜಿಕ್ ನೆನಪಿದ್ದ ಹೆಡ್ಮಾಸ್ಟರು ಅಪ್ಪನನ್ನು ಕರೆಸಿ, ವೇದಿಕೆಯ ಮೇಲೆ ಒಂದು ಆಟ ಮಾಡಬೇಕೆಂದರು. ಆಣೆಯ ವಿಷಯ ಊರಿಗೆಲ್ಲ ಗೊತ್ತು. ಒಲ್ಲೆ ಎನ್ನುವುದು ಸುಲಭವಿತ್ತು. ಅಪ್ಪ ಎರಡು ದಿನ ಯೋಚಿಸಿ, "ಮಾಡ್ತೀನಿ ಸಾ. ಆದ್ರೆ ಒಂದ್ ಎಲೇನೂ ಮುಟ್ಟಕ್ಕಿಲ್ಲ," ಎಂದು ಹೇಳಿ ಬಂದ.  ಆ ವಾರವೆಲ್ಲ ಅಮ್ಮನ ಸಾರಿಗೆ ಉಪ್ಪು ಹೆಚ್ಚಾಗುತ್ತಿತ್ತು.

ಅಪ್ಪ ಹೂಡಿದ ಉಪಾಯ ನೆನೆದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಅಂಗೈಯಗಲದ ಎಲೆ ಆರುನೂರು ಜನಕ್ಕೆ ಕಾಣಿಸುವುದಾದರೂ ಹೇಗೆ? ಹಳೆಯ ಕ್ಯಾಲೆಂಡರುಗಳ ಹಿಂಬದಿಯಲ್ಲಿ ಡ್ರಾಯಿಂಗ್ ಮೇಷ್ಟ್ರು ಇಪ್ಪತ್ತೊಂದು ಎಲೆ ಬರೆದರು. ಇಪ್ಪತ್ತೊಂದು ಮಕ್ಕಳ ಕೊರಳಿಗೆ ಅವನ್ನು ದಾರ ಕಟ್ಟಿ ತೂಗುಹಾಕಿದರು. ನಾವೇ ಎಲೆಗಳು! ಪ್ರೇಯರಿಗೆ ನಿಲ್ಲುವ ಹಾಗೆ ಒಬ್ಬರ ಹಿಂದೆ ಒಬ್ಬರು ಏಳೇಳು ಜನ ಮೂರು ಸಾಲಾಗಿ ನಿಲ್ಲಬೇಕು. ಪಿ.ಟಿ. ಮೇಷ್ಟ್ರು ಪೀಪಿ ಊದಿದರೆ ಆರಿಸಿದ ಸಾಲು ನಡುವೆ ಬರುವಂತೆ ಒಂದೇ ಸಾಲಾಗಬೇಕು, ಇನ್ನೊಮ್ಮೆ ಊದಿದರೆ ಒಂದು, ಎರಡು, ಮೂರು ಎಂದು ಎಣಿಸುತ್ತಾ ಮತ್ತೆ ಮೂರು ಸಾಲಾಗಬೇಕು. ತಾಲೀಮಿನಲ್ಲಿ ನನ್ನ ದಾರ ಕಿತ್ತು ಕಳಾವರ್ ಏಳು ಅಪ್ಪನ ಕಾಲ ಬಳಿ ಬಿತ್ತು. ಚೇಳು ಕಂಡವನಂತೆ ಹಾರಿ ಆಚೆ ನಿಂತ. "ಎತ್ಕಳವ್ವ, ನೀನೇ ಎತ್ಕ," ಎಂದ. ಅಪ್ಪ ದಿನವೂ ಗಂಟಲು ಹರಿಯುವಂತೆ ಕೂಗುತ್ತಿದ್ದದ್ದು ಒಂದೇ ಮಾತು: "ಎತ್ರ ನೋಡ್ಬ್ಯಾಡ್ರಿ! ಎಣಿಕೆ ನೋಡ್ರಿ!" ಏಕೆಂದರೆ ಪ್ರೇಯರಿನಲ್ಲಿ ಗಿಡ್ಡವರು ಮುಂದೆ, ಉದ್ದವರು ಹಿಂದೆ ನಿಲ್ಲುವುದು ನಮ್ಮ ಮೈಗೆ ಹತ್ತಿಹೋಗಿತ್ತು.

ಆ ದಿನ ಸಂಜೆ ಐದಕ್ಕೆ ಶಾಲೆಯ ಬಯಲು ತುಂಬಿತ್ತು. ಅಪ್ಪನ ಶಿಫ್ಟಿನವರೆಲ್ಲ ಬಂದಿದ್ದರು. ಅರ್ಧ ಜನ ಮ್ಯಾಜಿಕ್ ನೋಡಲು, ಇನ್ನರ್ಧ ಆಣೆ ಮುರಿಯುವುದನ್ನು ನೋಡಲು ಬಂದವರು. ಅಪ್ಪ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ವೇದಿಕೆಯ ಮೂಲೆಯಲ್ಲಿ ನಿಂತ. ಎಲೆ ನೆನೆಯುವುದಕ್ಕೆ ಒಬ್ಬರು ಬರಲಿ ಎಂದು ಹೆಡ್ಮಾಸ್ಟರು ಕೇಳಿದಾಗ, ಗಂಡಸರ ಕಡೆಯಿಂದ ಯಾರೋ ಕೂಗಿದರು: "ಅವ್ರ ಮನೆಯವ್ರೇ ಬರ್ಲಿ ಸಾ! ಆಯಮ್ಮ ಪ್ರಾಣ ಹೋದ್ರೂ ಸುಳ್ಳಾಡಾಕಿಲ್ಲ!"

ನಿಜ. ಅಮ್ಮನ ಮಾತೆಂದರೆ ಊರಿನಲ್ಲಿ ಅಷ್ಟು ಬೆಲೆಯಿತ್ತು. ಅವಳು ಸೆರಗು ಹೊದ್ದು ಎದ್ದು ನಿಂತಳು. "ನಂಗೆ ಎಲೆ ಹೆಸ್ರು ಗೊತ್ತಿಲ್ಲ," ಎಂದಳು.

"ಹೆಸ್ರು ಬ್ಯಾಡ," ಎಂದ ಅಪ್ಪ. "ನೋಡಿ ಮನ್ಸಲ್ಲಿ ಮಡಿಕ್ಕೊ. ಯಾರ್ಗೂ ಹೇಳ್ಬ್ಯಾಡ."

ಅಮ್ಮ ಬೆರಳು ತೋರಿಸಿದಳು: ಎಡಗಡೆ ಸಾಲು. ಪೀಪಿ. ನಾವು ಒಂದಾದೆವು, ಒಡೆದೆವು. ಮತ್ತೆ ತೋರಿಸಿದಳು: ಬಲಗಡೆ. ಪೀಪಿ. ಇಪ್ಪತ್ತೊಂದು ಮಕ್ಕಳು ಬೆರೆತು ಬಿಚ್ಚಿಕೊಳ್ಳುವುದನ್ನು ಕಂಡು ಬಯಲಿನ ಗದ್ದಲವೆಲ್ಲ ಅಡಗಿತು. ಎಲೆಗಳು ತಾವಾಗಿಯೇ ಕಲಸಿಕೊಳ್ಳುತ್ತಿದ್ದವು. ಕೈ ಕಟ್ಟಿದ ಒಬ್ಬ ಮನುಷ್ಯ ಸುಮ್ಮನೆ ನೋಡುತ್ತಿದ್ದ. ನನ್ನಪ್ಪ ಇಷ್ಟು ಎತ್ತರದವನೇ ಎಂದು ನನಗೇ ಬೆರಗಾಯಿತು. ಸಾವಿನ ಭಯವೂ ಮರೆತುಹೋಯಿತು. ಮೂರನೆಯ ಸಲ ಅಮ್ಮ ನಡುವಿನ ಸಾಲು ತೋರಿಸಿದಳು.

ಆ ಸಾಲಿನಲ್ಲಿ ನಾನು ನಾಲ್ಕನೆಯವಳು. ನನ್ನ ಹಿಂದೆ ನನಗಿಂತ ಗೇಣುದ್ದ ಗಿಡ್ಡಿಯಾದ ಸರೋಜ. ಎಲ್ಲರೂ ನೆಟ್ಟಗೆ ನಿಲ್ಲಲೆಂದು ಪಿ.ಟಿ. ಮೇಷ್ಟ್ರು ಕೊನೆಯ ಪೀಪಿ ಊದಿದರು. ನನ್ನ ಕಾಲುಗಳು ದಿನಾ ಬೆಳಿಗ್ಗೆ ಮಾಡುತ್ತಿದ್ದುದನ್ನೇ ಮಾಡಿದವು. ನಾನು ಹಿಂದೆ ಸರಿದೆ, ಸರೋಜಳನ್ನು ಮುಂದೆ ಬಿಟ್ಟೆ. ಯಾರೂ ಗಮನಿಸಲಿಲ್ಲ. ನಾನೂ ಗಮನಿಸಲಿಲ್ಲವೆಂದೇ ಹೇಳಬೇಕು.

"ನಡುವ್ಲ ಸಾಲು, ನಾಕನೇ ಮಗ ಮುಂದಕ್ ಬಾ," ಎಂದ ಅಪ್ಪ.

ಸರೋಜ ಮುಂದೆ ಹೋದಳು, ಡೈಮಂಡ್ ಮೂರು. ಅಮ್ಮ ಅವಳನ್ನು ನೋಡಿದಳು. ಆಮೇಲೆ ಅಪ್ಪನನ್ನು ನೋಡಿದಳು. ಬೆನ್ನ ಹಿಂದೆ ಅವನ ಬೆರಳುಗಳು ಒಂದನ್ನೊಂದು ಹಿಸುಕುತ್ತಿದ್ದುದು ನನಗೆ ಕಾಣುತ್ತಿತ್ತು.

"ಹೂಂ," ಎಂದಳು ಅಮ್ಮ. "ಅದೇ."

ಬಯಲಿಗೆ ಬಯಲೇ ಎದ್ದು ನಿಂತಿತು. ಶಿಫ್ಟಿನವರು ಟವೆಲ್ ಬೀಸಿದರು. ಅಪ್ಪನನ್ನು ಹೆಗಲ ಮೇಲೆ ಹೊತ್ತು ಗೇಟಿನವರೆಗೂ ಮೆರೆಸಿದರು. ಊರು ಅವನನ್ನು ಇಸ್ಪೀಟಿನವನು ಎನ್ನುವುದನ್ನು ಬಿಟ್ಟು ಮ್ಯಾಜಿಕ್ಕಿನವರು ಎನ್ನತೊಡಗಿದ್ದು ಅಂದಿನಿಂದ. ನಾನು ಮಾತ್ರ ಎರಡು ದಿನ ಅಮ್ಮನ ಜೊತೆ ಮಾತು ಬಿಟ್ಟೆ. ಇಪ್ಪತ್ತೊಂದು ಮಕ್ಕಳಲ್ಲಿ ನಾನೂ ನಿಂತಿರುವಾಗ ಹೆತ್ತ ತಾಯಿ ಹೋಗಿ ಹೋಗಿ ಸರೋಜಳನ್ನು ನೆನೆದುಕೊಳ್ಳುವುದೇ? ನೀವೇ ಹೇಳಿ. ಆ ಮುನಿಸಿನ ಒಂದು ಎಳೆ, ನಾಚಿಕೆಗೇಡು, ಮೊನ್ನೆಯವರೆಗೂ ನನ್ನೊಳಗೆ ಉಳಿದಿತ್ತು.

"ಯಾವಾಗ್ಲೂ ನಾಲ್ಕನೇದೇ" ಎಂದು ಹುಡುಗಿ ಹೇಳಿದಾಗ ನಾನು ಮನಸ್ಸಿನಲ್ಲೇ ಆ ಸಾಲನ್ನು ಮತ್ತೆ ನಿಲ್ಲಿಸಿ ಎಣಿಸಿದೆ. ಎದ್ದು ಅಡುಗೆಮನೆಗೆ ಹೋದೆ. ಅಮ್ಮ ಮೊರದಲ್ಲಿ ಹುರುಳಿ ಆರಿಸುತ್ತಿದ್ದಳು. ಅಪ್ಪ ತೀರಿಕೊಂಡು ಎಂಟು ವರ್ಷವಾಗಿದೆ. ಅಮ್ಮನಿಗೆ ಈಗ ಕಣ್ಣು ಮಂದ, ಕಿವಿ ಚುರುಕು.

"ಅವತ್ತು ಸ್ಕೂಲಲ್ಲಿ ನೀನು ನೆನ್ಕೊಂಡಿದ್ದು ಯಾರನ್ನ?"

ಯಾವತ್ತು, ಎಲ್ಲಿ ಎಂದು ಕೇಳಲಿಲ್ಲ ಅವಳು. "ಇನ್ಯಾರ್ನ ನೆನ್ಕಳ್ಳಲಿ? ನಂಗೇನು ಎಲೆ ಗೊತ್ತಿತ್ತಾ? ನಿನ್ನ ಮಖ ನೋಡ್ದೆ, ಅಷ್ಟೆ."

"ಮತ್ತೆ ಸರೋಜ ಬಂದಾಗ ಹೂಂ ಅಂದ್ಯಲ್ಲ!"

"ಮೂರು ವರ್ಷ ಮಾತು ಉಳಿಸ್ಕಂಡು ಬಂದು ನಿಂತಿತ್ತು ಕಣೆ ಆ ಮನುಷ್ಯ, ಅಷ್ಟು ಜನದ ಮುಂದೆ. ಅಲ್ಲ ಅನ್ನಕ್ಕೆ ನಂಗೆ ಬಾಯಿ ಬರ್ಲಿಲ್ಲ."

ನಾನು ಅವಳ ಪಕ್ಕದಲ್ಲಿ ನೆಲದ ಮೇಲೆಯೇ ಕೂತುಬಿಟ್ಟೆ. ಪ್ರಾಣ ಹೋದರೂ ಸುಳ್ಳಾಡದವಳು ಎಂದು ಆರುನೂರು ಜನ ನಂಬಿದ್ದ ಹೆಂಗಸು ಇವಳು. ನಲವತ್ತು ವರ್ಷ ಒಂದೇ ಮನೆಯಲ್ಲಿದ್ದೂ ನನಗೆ ಸುಳಿವು ಸಿಕ್ಕಿರಲಿಲ್ಲ.

"ಭಯ ಆಗ್ಲಿಲ್ವೇನಮ್ಮ?"

"ಆಗ್ದೆ ಇರ್ತದಾ?" ಅಮ್ಮ ಒಂದು ಕಲ್ಲನ್ನು ಹೆಕ್ಕಿ ಆಚೆ ಹಾಕಿದಳು. "ಮನೆಗೆ ಬಂದ ತಕ್ಷಣ ದೇವ್ರ ಮುಂದೆ ತಪ್ಪಾಯ್ತು ಅಂತ ಒಪ್ಕಂಡೆ. ನಿಮ್ಮಪ್ಪನ ಮುಂದೆ ಮಾತ್ರ ಸಾಯೋಗಂಟ ಒಪ್ಕಳ್ಳಿಲ್ಲ."