ಟೆಚಿಮಾನಿನ ಪೆಟ್ಟಿಗೆ ಬಡಗಿ

ಘಾನಾದ ಟೆಚಿಮಾನ್ ಪೇಟೆಯಲ್ಲಿ ಹಾಸ್ಟೆಲಿಗೆ ಹೊರಟ ಮಕ್ಕಳಿಗೆಲ್ಲ ತಿಂಡಿಪೆಟ್ಟಿಗೆ ಮಾಡಿಕೊಡುವವನು ಬಡಗಿ ಅಡೊಮಾಕೊ. ಮರಗೆಣಸಿನ ತರಿ, ಸಕ್ಕರೆ, ಒಣಮೀನಿನ ಖಾರ ಎಲ್ಲ ಹಿಡಿಸುವ ಗಟ್ಟಿ ಪೆಟ್ಟಿಗೆ. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಮಕ್ಕಳ ಹೆಸರು ಬರೆಯುವವಳು ಅವನ ಮಗಳು ಆಫ್ರಿಯೆ. ಮುತ್ತಿನಂಥ ಅಕ್ಷರ. ಅದನ್ನು ಕಂಡಾಗಲೆಲ್ಲ ಅಡೊಮಾಕೊ ಮುಖ ತಿರುಗಿಸುತ್ತಾನೆ.

ಆರು ವರ್ಷದ ಹಿಂದೆ, ಆಫ್ರಿಯೆಯ ಒಂಬತ್ತನೇ ತರಗತಿಯ ಪರೀಕ್ಷೆಗೆ ಮುಂಚೆ, ಅವಳ ಶಾಲೆಯ ಬಾಡು ಮೇಷ್ಟ್ರು ಅಡೊಮಾಕೊನನ್ನು ಎದುರಿಗೆ ಕೂರಿಸಿಕೊಂಡು ಮುಂದಿನ ಶಾಲೆಯ ಅರ್ಜಿ ತುಂಬಿಸುತ್ತಿದ್ದರು.

"ಮೊದಲ್ನೇದು ಕೇಪ್ ಕೋಸ್ಟಿನ ದೊಡ್ಡ ಶಾಲೆ ಬರೀತೀನಿ. ಹಾಸ್ಟೆಲ್ಲೋ, ಮನೆಯಿಂದ ಓಡಾಡೋದೋ?"

"ಅದೆಲ್ಲ ಶೋಕಿಗೆ ಬರೆಯೋದು ಮೇಷ್ಟ್ರೇ. ನಮ್ಮ ಓಣಿಯೋರಿಗೆ ಯಾರು ಕೊಡ್ತಾರೆ? ಸಿಗೋದು ಊರಿನ ಶಾಲೇನೇ, ಮನೆಯಿಂದ್ಲೇ ಅಂತ ಹಾಕ್ಬಿಡಿ."

ಮೇಷ್ಟ್ರು ನಕ್ಕು, ಎಲ್ಲ ಶಾಲೆಯ ಹೆಸರಿನ ಮುಂದೆಯೂ ಅದನ್ನೇ ಹಾಕಿದರು.

ಹುಡುಗಿ ಆ ದೊಡ್ಡ ಶಾಲೆಗೇ ಆಯ್ಕೆಯಾದಳು. ಅಪ್ಪ ಮಗಳು ಪೆಟ್ಟಿಗೆ ಹೊತ್ತುಕೊಂಡು ಇಡೀ ದಿನ ಬಸ್ಸಿನಲ್ಲಿ ಹೋದರು. ಕಚೇರಿಯ ಹೆಂಗಸು ಕಾಗದ ನೋಡಿದಳು.

"ಮನೆಯಿಂದ ಓಡಾಡೋಳು ಅಂತಿದೆ. ಮನೆ ಎಲ್ಲಿ?"

"ಟೆಚಿಮಾನ್, ತಾಯಿ."

"ದಿನಾ ಅಲ್ಲಿಂದ ಹಾರ್ಕೊಂಡ್ ಬರ್ತಾಳಾ ಯಜಮಾನ್ರೇ?"

ಸಾಲಿನಲ್ಲಿದ್ದವರು ನಕ್ಕರು. ಅದನ್ನು ಬದಲಾಯಿಸಲು ಗುರುತಿನವರು ಬೇಕಿತ್ತು. ಬಡಗಿಗೆ ಯಾರ ಗುರುತಿರುತ್ತದೆ, ಮಣ್ಣು? ಇವಳಿಗಿಂತ ಕಡಿಮೆ ಅಂಕ ಪಡೆದಿದ್ದ, ದಿನಸಿ ವ್ಯಾಪಾರಿಯೊಬ್ಬನ ಮಗನಿಗೆ ಒಂದೇ ಫೋನಿಗೆ ಹಾಸ್ಟೆಲ್ ಸಿಕ್ಕಿತು. ಇತ್ತ ಊರಿನ ಶಾಲೆ ಅಷ್ಟರಲ್ಲಿ ತುಂಬಿಹೋಗಿತ್ತು. ಮುಂದಿನ ವರ್ಷ ನೋಡೋಣ ಎಂದರು ಅಲ್ಲಿಯವರು. ಆ ಮುಂದಿನ ವರ್ಷ ಬರಲೇ ಇಲ್ಲ.

ವಾಪಸು ಬರುವಾಗ ಆಫ್ರಿಯೆ ಅಳಲಿಲ್ಲ. "ಬ್ರಷ್ ಒಣಗಿರುತ್ತೆ ಅಪ್ಪಾ, ಸೀಮೆಎಣ್ಣೆ ತಗೊಳ್ಳೋಣ" ಎಂದಳಷ್ಟೆ. ಅತ್ತಿದ್ದರೆ ಅವನಿಗೆ ಎಷ್ಟೋ ವಾಸಿಯಿತ್ತು. ಅಂದಿನಿಂದ ಶಾಲೆ ಶುರುವಾಗುವ ತಿಂಗಳು ಬಂತೆಂದರೆ, ಅವಳ ಬ್ರಷ್ ಹಲಗೆಯ ಮೇಲೆ ಆಡುವ ಸದ್ದು ಅವನಿಗೆ ಮನೆಯೊಳಗೂ ಕೇಳುತ್ತದೆ, ಅವಳು ಬರೆಯದಿರುವಾಗಲೂ.

ಮೊನ್ನೆ ಹಳೆಯ ಪೆಟ್ಟಿಗೆಯೊಂದು ರಿಪೇರಿಗೆ ಬಂತು. ಬೋರಲು ಹಾಕಿ ನೋಡಿದ. ತಳದಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಬಿಳಿ ಅಕ್ಷರ: ಆಫ್ರಿಯೆ ಅಡೊಮಾಕೊ, ಮೊದಲ ವರ್ಷ.

"ಇದೊಂದಕ್ಕೇನಾ ಬರ್ದಿದ್ದು?"

"ಎಲ್ಲದಕ್ಕೂ" ಎಂದಳು, ತಲೆ ಎತ್ತದೆ. "ಹೆಸರಾದ್ರೂ ಶಾಲೆ ಒಳಗೆ ಹೋಗ್ಲಿ ಅಂತ."

ತಳಕ್ಕೆ ಮೊಳೆ ಹೊಡೆಯಬೇಕಿತ್ತು. ಆ ಹೆಸರಿನ ಮೇಲೆ ಸುತ್ತಿಗೆ ಎತ್ತಲು ಅಡೊಮಾಕೊನಿಗೆ ಕೈ ಬರಲಿಲ್ಲ.